ತವರ ಮಗ್ಗದ ಗದ್ದಿಗಿ ಕಂಬಳಿ

ಬರ್ರಿ, ಒತ್ತಿ ಕೂಡ್ರಿ. ಹೂಂ ಅನ್ನೋರು ಒಬ್ಬರು ಬೇಕು ನನಗ. ಹೂಂ ಅನ್ನೋದು ನಿಂತ್ರ ನನ್ನ ಕಥಿನೂ ನಿಲ್ಲತೈತಿ, ಮೊದಲ ಹೇಳಿರ್ತೀನಿ.

ಯಾವ ಕಾಲ ಅಂತ ಕೇಳಬ್ಯಾಡ್ರಿ, ಯಾವ ಊರು ಅಂತ ಕೇಳಬ್ಯಾಡ್ರಿ. ಮಂದಿಗಿಂತ ಕುರಿನ ಹೆಚ್ಚಿದ್ದ ಒಂದೂರು. ಮುಂಜಾನೆ ಎದ್ದು ಹೊರಗ ಬಂದ್ರ ಮನಿಮನಿಯಿಂದ ಮಗ್ಗದ ಸಪ್ಪಳ. ನೂಲಿಗೆ ಹಚ್ಚಾಕ ಹುಣಸಿಬೀಜದ ಗಂಜಿ ಕುದಿಯೋ ವಾಸನಿ. ಈಗೆಲ್ಲೈತಿ ಆ ವಾಸನಿ? ನನ್ನ ಮೂಗಿನಾಗ ಅಷ್ಟ ಉಳದೈತಿ.

ಆ ಊರಾಗ ಬರಮಪ್ಪ ಅಂತ ಒಬ್ಬ ಕಂಬಳಿ ನೇಯಾಂವ ಇದ್ದ. ಭಾಳ ಹೆಸರಾದ ಕೈ. ಅಂವ ತೀರಿಕೊಂಡಾಗ ಅವನ ಕಂಬಳಿನ ಅವಗ ಹೊಚ್ಚಿ ಮಣ್ಣು ಮಾಡಿದ್ರು. ಹೆಂಡ್ತಿ ಕರೆವ್ವ, ಮಗ ಹಾಲಪ್ಪ, ಮಗಳು ಗುತ್ತೆವ್ವ ಉಳದ್ರು. ಮಗ್ಗ ಮಗನ ಪಾಲಿಗೆ ಬಂತು.

ಗುತ್ತೆವ್ವನ ಮದುವಿ ಗೊತ್ತಾತು. ಕೇಳ್ರಿ, ಅಲ್ಲಿ ಒಂದು ಪದ್ಧತಿ. ಮದುಮಕ್ಕಳು ಕಂಬಳಿ ಗದ್ದಿಗಿ ಮ್ಯಾಲ ಕೂಡಬೇಕು. ಆ ಕಂಬಳಿ ಹೆಣ್ಣಿನ ತವರ ಮಗ್ಗದಾಗ, ತವರವರ ಕೈಲೇ ನೇಯ್ದದ್ದು ಇರಬೇಕು. ಬ್ಯಾರೆ ಮನಿ ಕಂಬಳಿ ಮ್ಯಾಲ ಕೂತಾಕಿನ್ನ ತವರಿಲ್ಲದಾಕಿ ಅಂತಿದ್ರು. ಆ ಮಾತು ಗಂಡನ ಮನ್ಯಾಗ ಸಾಯೋತನಕ ಬೆನ್ನು ಬಿಡತಿದ್ದಿಲ್ಲ. ಅಪ್ಪ ಇಲ್ಲದ ಹುಡುಗಿಗೆ ಇದಕ್ಕಿಂತ ದೊಡ್ಡ ಮಾತು ಬ್ಯಾರೆ ಏನೈತಿ?

ಕರೆವ್ವ ವರ್ಷಿಡೀ ನೂತ ಉಣ್ಣಿ ನೂಲು ತಂದು ಮಗನ ಮುಂದಿಟ್ಲು. ಕಂಬಳಿ ಅಂದ್ರ ಒಮ್ಮೆಲೆ ಆಗೂದಲ್ರೀ. ಸಣ್ಣ ಅಗಲದ ಪಟ್ಟಿ ನೇಯಬೇಕು, ಆಮ್ಯಾಲ ಹೆಣ್ಣಮಕ್ಕಳು ದಬ್ಬಣ ಹಿಡದು ಪಟ್ಟಿಗೆ ಪಟ್ಟಿ ಕೂಡಿಸಿ ಹೊಲಿಬೇಕು. ನೇಯಾಂವಗ ಕಾಣೋದು ಕಣ್ಣಮುಂದಿನ ಗೇಣುದ್ದ ಅಷ್ಟ. ನೇಯ್ದದ್ದೆಲ್ಲ ತೊಡಿ ಕೆಳಗ ಸುತ್ತಿಕೋಂತ ಹೋಗಿಬಿಡತೈತಿ.

ಹಾಲಪ್ಪ ಹಾಡಕೋಂತ ಕೂತ. ಲಾಳಿ ಅತ್ತ, ಲಾಳಿ ಇತ್ತ. ಒಂದು ಪಟ್ಟಿ ಆದಮ್ಯಾಲ ಬಿಚ್ಚಿ ನೋಡಿದ. ಅಂಚು ಸೊಟ್ಟಸೊಟ್ಟ, ಆಡು ನಡದ ದಾರಿ ಆಗಿತ್ತು. ಅಪ್ಪನ ಕಂಬಳಿ ನೆನಪಾತು. ಥೂ, ಇದೂ ಒಂದು ಕೈಯೇನು ಅಂದ. ಕೊಯ್ದು ಕುರಿ ಹಟ್ಟಿಗೆ ಒಗದ.

ಮತ್ತ ಕೂತ. ಲಾಳಿ ಅತ್ತ, ಲಾಳಿ ಇತ್ತ. ಹಾಡು ಒಮ್ಮೆ ಬರತಿತ್ತು, ಒಮ್ಮೆ ಬರತಿದ್ದಿಲ್ಲ. ಬಿಚ್ಚಿದ್ರ ಅಂಚು ನೆಟ್ಟಗಿತ್ತು, ನೇಯ್ಗಿ ಸಡ್ಲ ಇತ್ತು. ಬೆಳಕಿಗೆ ಹಿಡದು ನೋಡಿದ, ಆಕಡೆ ನಿಂತ ಕುರಿ ಕಂಡ್ವು. ಅದನ್ನೂ ಕೊಯ್ದು ಒಗದ.

ಮೂರನೆ ಸಲ ಕೂತ. ಲಾಳಿ ಅತ್ತ, ಲಾಳಿ ಇತ್ತ. ಹಾಡೇ ಇಲ್ಲ. ಈ ಸಲ ಅಂಚು ನೆಟ್ಟಗ, ನೇಯ್ಗಿ ಬಿಗಿ, ಅಂಚಿನ ಗುಂಟ ಹಾಕೋ ಕರಿ ಗೀರು ಅಷ್ಟ ಒಂದು ಬಟ್ಟಿನಷ್ಟು ಸೊಟ್ಟ. ಬಿಡಬಹುದಿತ್ತು ಅಲ್ರೀ? ಬಿಡಲಿಲ್ಲ. ಯಾಕಂದ್ರ ಮಣ್ಣಿಗೆ ಹೋದ ಅಪ್ಪನ ಕಂಬಳಿ ಅವನ ನೆನಪಿನಾಗ ದಿನಾ ಒಂದಿಷ್ಟು ಚಂದ ಆಕ್ಕೋಂತ ಹೊಂಟಿತ್ತು. ಅದರ ಜೋಡಿ ಯಾರು ಜಿದ್ದಿಗೆ ಬಿದ್ದಾರು? ಕೊಯ್ದು ಒಗದ. ನೋಡಿದ್ರ ಮನ್ಯಾಗ ನೂಲು ಒಂದೆಳಿ ಉಳದಿದ್ದಿಲ್ಲ. ಮದುವಿ ನಾಳೆ ಅನ್ನೋಹಂಗ ಬಂದಿತ್ತು.

ಹಾಲಪ್ಪ ಯಾರಿಗೂ ಮುಖ ತೋರಿಸಲಾರದ, ಪಕ್ಕದ ಹಳ್ಳಿ ಸೋದರಮಾವನ ಮನಿಗೆ ಕಂಬಳಿ ಬೇಡಾಕ ಹೋದ. ಮರುದಿನ ಮಾವನ ಕಂಬಳಿ ಹೆಗಲಿಗೆ ಹಾಕ್ಕೊಂಡು ಕಳ್ಳನಂಗ ಬಂದ. ಹಂದರದ ಕೆಳಗ ಡೊಳ್ಳು ಆಗಲೇ ಬಾರಿಸಾಕ ಹತ್ತಿದ್ರು.

ಏನು ನೋಡತಾನ? ಗದ್ದಿಗಿ ಹಾಸಿ ಆಗೇತಿ. ಚೌಕಾದ ಒಂದು ಕಂಬಳಿ. ಎಡಕಿನ ಪಟ್ಟಿ ಸೊಟ್ಟ, ನಡುವಿಂದು ಸಡ್ಲ, ಬಲಕಿಂದು ಬಿಗಿ. ಎಡದಿಂದ ಬಲಕ್ಕ ನೋಡಕೋಂತ ಹೋದ್ರ ಕೈ ಹೆಂಗ ಪಳಗೇತಿ ಅನ್ನೋದು ಕಣ್ಣಿಗೆ ಹೊಡದು ಕಾಣತಿತ್ತು. ಯಾವ ಹುಡುಗ ಇಷ್ಟು ಬೇಗ ಕಲತಾನ ಅಂದ್ಕೊಂಡ. ಕರಿ ಗೀರಿನ ಸೊಟ್ಟ ಕಂಡಾಗ ಗೊತ್ತಾತು, ಇವು ತಾನ ಒಗದ ಪಟ್ಟಿ.

ಹಟ್ಟ್ಯಾಗಿಂದ ಆರಿಸಿ, ತೊಳದು, ದಬ್ಬಣ ಹಿಡದು ಕೂಡಿಸಿದಾಕಿ ಕರೆವ್ವ. ಮಗನ ಹತ್ರ ಬಂದು ಮೆಲ್ಲಕ ಅಂದ್ಲು.

“ಒಂದೊಂದ ಕೊಯ್ದು ಒಗದಿ ತಮ್ಮಾ, ಅದಕ್ಕ ಕೈ ಪಳಗಿದ್ದು ನಿನಗ ಕಾಣಲಿಲ್ಲ. ನಿಮ್ಮಪ್ಪನ ಕಂಬಳಿ ಅಂತ ಕೊರಗತಿ. ಇಪ್ಪತ್ತು ವರ್ಷ ಅದನ್ನ ಹೊತಗೊಂಡಾಕಿ ನಾನು. ಅದರ ಅಂಚೂ ಸೊಟ್ಟ ಇತ್ತು.”

ಹಾಲಪ್ಪ ಮಾವನ ಕಂಬಳಿ ಹೆಗಲಿಂದ ಇಳಿಸಿ ಮೂಲ್ಯಾಗ ಇಟ್ಟ.

ಪೂಜಾರಿ ಮದುಮಗಳನ್ನ ಬಲಕ್ಕ ಕೂಡು ಅಂದ, ಚಲೋ ಪಟ್ಟಿ ಮ್ಯಾಲ. ಗುತ್ತೆವ್ವ ಕೂಡಲಿಲ್ಲ. ಎಡಕ್ಕ ಸರದು ಆ ಸೊಟ್ಟ ಪಟ್ಟಿ ಮ್ಯಾಲ ಚಕ್ಕಳಮಕ್ಕಳ ಹಾಕಿ ಕೂತ್ಲು. ಪೂಜಾರಿ ಹುಬ್ಬು ಗಂಟು ಹಾಕಿದ. ಮಂದಿ ಗುಸುಗುಸು ಅಂದ್ರು. ಆಕಿ ಮದುಮಗನ ಕಡೆ ಕೈ ತೋರಿಸಿ, ಅಣ್ಣನ ಕಡೆ ನೋಡಿ ಹೇಳಿದ್ಲು.

“ಚಲೋ ಪಟ್ಟಿ ಅವರಿಗೆ ಇರಲಿ. ನನಗ ಇದು ಬೇಕು. ಇದನ್ನ ನೇಯಾಗ ನಮ್ಮಣ್ಣ ಹಾಡತಿದ್ದ.”

ಹಾಲಪ್ಪ ಅತ್ತುಬಿಟ್ಟ. ಮಂದಿ ಮುಂದ, ಡೊಳ್ಳಿನ ಮುಂದ, ಬೀಗರ ಮುಂದ ಅತ್ತ. ನಾಚಿಕಿ ಏನಾತು ಅದರಾಗ? ನೀವು ಹೂಂ ಅನ್ನೋದು ಬಿಡಬ್ಯಾಡ್ರಿ.

ತಂಗಿ ಗಾಡಿ ಹತ್ತಿದ್ಲು, ಆ ಕಂಬಳಿ ಮಡಚಿ ತೊಡಿ ಮ್ಯಾಲ ಇಟ್ಕೊಂಡ್ಲು. ತವರಿಲ್ಲದಾಕಿ ಅಂತ ಆಕಿಗೆ ಯಾರೂ ಯಾವತ್ತೂ ಅನ್ನಲಿಲ್ಲ. ಕುರಿ ಮೈಮ್ಯಾಲ ಮತ್ತ ಉಣ್ಣೆ ಬೆಳದು ನೂಲಾದಮ್ಯಾಲ ಹಾಲಪ್ಪ ಮತ್ತ ಮಗ್ಗದ ಮುಂದ ಕಾಲು ಇಳಿಬಿಡೋ ಕುಣಿಗೆ ಇಳದ. ಲಾಳಿ ಅತ್ತ, ಲಾಳಿ ಇತ್ತ. ಕರೆವ್ವ ಒಲಿ ಮುಂದ ಗಂಜಿ ತಿರುವುತ್ತ ಕಿವಿಗೊಟ್ಲು. ಒಳಗಿಂದ ಹಾಡು ಕೇಳಿಸಾಕ ಹತ್ತಿತು.

ಅವರು ಅಲ್ಲಿ ಕಂಬಳಿ ಹಾಸಿದ್ರು, ನಾ ಇಲ್ಲಿ ಕಥಿ ಹಾಸಿದೆ. ನನ್ನ ಕಥಿಗೂ ಅಂಚು ಸೊಟ್ಟ ಇದ್ದೀತು. ಮಡಚಿ ಮನಿಗೆ ಒಯ್ರಿ, ಒಗೀಬ್ಯಾಡ್ರಿ.