ಸಾರ್ಡಿನಿಯಾ ಸಿಕ್ಕ ಮಧ್ಯಾಹ್ನ

ಸಾಲ್ಟೊ ಪೇಟೆಯ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಎಲ್ಬಿಯೊ ಮತ್ತು ಅವರ ಹೆಂಡತಿ ಮಿರ್ತಾ ಕೂತಿದ್ದರು. ಮನೆಯ ಸಿಬಿ ರೇಡಿಯೊದಲ್ಲಿ ದೂರದೂರದವರನ್ನು ಮಾತಿಗೆಳೆಯುವುದು ಎಲ್ಬಿಯೊಗೆ ಹಳೆಯ ಹುಚ್ಚು. ಅಂದು ಕಂಕುಳಲ್ಲಿ, ಆ ಊರಿನವರ ರೂಢಿಯಂತೆ, ಕಷಾಯಕ್ಕೆಂದು ಬಿಸಿನೀರಿನ ಫ್ಲಾಸ್ಕಿತ್ತು, ಸಿಟ್ಟಿಗೆ ಮುಖ ಊದಿಕೊಂಡಿತ್ತು.

“ಮಗಳ ಮದುವೆಗೂ ಮುಂಚಿಂದ ಸಮುದ್ರದಾಚೆಯ ಆ ಸಾರ್ಡಿನಿಯಾ ದ್ವೀಪದವರನ್ನ ರೇಡಿಯೊದಲ್ಲಿ ಕೂಗ್ತಿದೀನಿ. ನಾನು ಸ್ನಾನಕ್ಕೆ ಹೋದಾಗ್ಲೇ ಅಲ್ಲಿಯವನೊಬ್ಬ ಲೈನಿಗೆ ಬರ್ಬೇಕಿತ್ತಾ?”

“ರೇಡಿಯೊ ಆರಿಸದೆ ಹೋಗಿದ್ರಿ. ಪಾಪ, ಒಂದೇ ಸಮ ಕರೀತಿದ್ದ. ಮೈಕ್ ಎತ್ಕೊಂಡೆ.”

“ಈರುಳ್ಳಿ ಕೈಯಲ್ಲಿ.”

“ಒರೆಸ್ಕೊಂಡೇ ಎತ್ಕೊಂಡಿದ್ದು.”

“ಏನಂದ?”

“ಪಕ್ಕದ ಮನೆಯಿಂದ ಮಾತಾಡ್ದಂಗೆ ಕೇಳ್ತಿದೆ ಅಂದ.”

“ನಂಗೆ ಇದುವರೆಗೂ ಯಾರೂ ಹಂಗಂದಿಲ್ಲ.”

“ನೀವು ಕಿರುಚ್ತೀರಿ ರೀ, ಅದಕ್ಕೆ.”

“ಹೆಸರೇನಂತ ಹೇಳ್ದೆ?”

“ರೇಡಿಯೊದಲ್ಲಿ ಸ್ವಂತ ಹೆಸರು ಹೇಳಬಾರ್ದು ಅಂತ ನೀವೇ ಅಂತಿದ್ರಲ್ಲ. ಎದುರಿಗೆ ಬಾಣಲೆ ಇತ್ತು. ಬಾಣಲೆ ಅಂದೆ.”

“ಬಾಣಲೆ.”

“ನಿಮ್ಮ ‘ಬಿರುಗಾಳಿ’ಗಿಂತ ವಾಸಿ.”

ಎರಡು ಸ್ಟಾಪ್ ದಾಟಿದವು. ಆಮೇಲೆ ಮಿರ್ತಾ ಮೆಲ್ಲಗೆ ಅಂದರು: “ರೇಡಿಯೊ ಕ್ಲಬ್ಬಲ್ಲಿ ನೀವೇ ಮಾತಾಡಿದ್ದು ಅಂತ ಹೇಳ್ಕೊಳ್ಳಿ. ನಂಗೇನು, ಬೇಜಾರಿಲ್ಲ.”

ರೇಡಿಯೊ ಕ್ಲಬ್ಬಿನ ಮುಂದೆ ಬಸ್ಸು ನಿಂತಿತು. ಕೆಳಗೆ ಬಸ್ಸಿನ ಬಾಗಿಲಿಗೆ ಅಡ್ಡವಾಗಿ ನಿಂತಿದ್ದ ಗೆಳೆಯನೊಬ್ಬ ನಗುತ್ತ ಕೆಣಕಿದ.

“ಏನಪ್ಪಾ ಬಿರುಗಾಳಿ, ಈ ವಾರಾನೂ ಸಾರ್ಡಿನಿಯಾ ಸಿಕ್ಲಿಲ್ವಾ?”

“ಸಿಕ್ತು,” ಎಂದರು ಎಲ್ಬಿಯೊ. ಮೊದಲು ತಾವಿಳಿದು, ಹೆಂಡತಿಯ ಕಡೆ ಕೈ ಚಾಚಿದರು. “ಸ್ವಲ್ಪ ದಾರಿ ಬಿಡು. ಸಾರ್ಡಿನಿಯಾ ಜೊತೆ ಮಾತಾಡಿದ ಬಾಣಲೆಯವರು ಇಳೀತಿದಾರೆ.”