ನಾಲ್ಕನೇ ಪದರದ ಹೆಂಗಸು

...ಇಲ್ಲ ಕಣೇ, ನಾನ್ಯಾಕೆ ಮುಟ್ಟಲಿ? ಚಿತ್ರದಲ್ಲಿ ಆ ಮುಖದ ಜಾಗದ ಗಾರೆ ತಾನಾಗೇ ಉದುರಿದೆ. ಗೋಡೆ ಒಳಗೆ ತೇವ ಇದೆ ಅಂತ ಹೋದ ವಾರವೇ ಹೇಳಿರಲಿಲ್ವಾ ನಾನು? ಹಾಗೆ ನೋಡ್ಬೇಡ. ಅಟ್ಟಣಿಗೆಯಿಂದ ಇಳಿದು ಬಾ, ಇಲ್ಲಿ ಕೂತ್ಕೋ. ಅಕ್ಕನ ಮಾತು ಕೇಳು.

ಹಳೇ ಚಿತ್ರ ಹುಡುಕ್ತಾ ಈ ಗೋಡೆ ಕೆರೆಯೋಕೆ ಬಂದು ನನಗೆ ಹನ್ನೊಂದು ವರ್ಷ. ಕೋಟೆ ಒಳಗಿನ ಈ ಕಟ್ಟಡದ ಒಂದೊಂದು ಪದರವೂ ನನ್ನ ಉಗುರಿಗೆ ಗೊತ್ತು. ಮೇಲಿನ ಹಳದಿ ಬಣ್ಣ ಕಚೇರಿ ಇದ್ದಾಗಿನದು. ಅದರ ಕೆಳಗಿನ ನೀಲಿ ಆಸ್ಪತ್ರೆಯದು. ಅದಕ್ಕೂ ಕೆಳಗೆ ಮಸಿ... ಸೈನಿಕರು ಇದೇ ಹಜಾರದಲ್ಲಿ ಒಲೆ ಹೂಡಿ ಬೇಯಿಸ್ಕೊಂಡು ತಿಂದ ಹೊಗೆ. ಮೂರನ್ನೂ ಕೆರೆದು ಕೆರೆದು ನನ್ನ ಹೆಬ್ಬೆರಳು ಸೊಟ್ಟಗಾಯ್ತು. ನೀನು? ಬಂದು ಎಂಟು ತಿಂಗಳು! ಚಾಕು ಹಿಡಿಯೋದು ಹೇಗೆ ಅಂತ ಹೇಳ್ಕೊಟ್ಟಿದ್ದು ಯಾರು? ...ಹೂಂ, ತಲೆ ಆಡಿಸು, ಆಡಿಸು.

ನಾನು ಮಾರುಗಟ್ಟಲೆ ಕೆರೆದ ಕಡೆ ಬರೀ ಕಲ್ಲು. ನೀನು ಅಂಗೈಯಗಲ ಕೆರೆದ ಕಡೆ ಕೆಂಪು ಸೀರೆಯ ನೆರಿಗೆ! ಯಾವುದೋ ಕಾಲದಲ್ಲಿ ಇದು ವ್ಯಾಪಾರಿ ಮನೆ ಆಗಿತ್ತಂತಲ್ಲ, ಆಗ ಗೋಡೆ ಮೇಲೆ ಬರೆಸಿದ ಹೆಂಗಸಿನ ಚಿತ್ರ. ದಿನಕ್ಕೊಂದು ಗೇಣಿನಷ್ಟು ಆಚೆ ಬಂದ್ಳು. ಪಾದ, ಸೊಂಟ, ಕೊರಳು... ಇಂಜಿನಿಯರ್ ಮೇಡಂ ಏನಂದ್ರು? 'ನಿಮ್ಮ ತಂಗಿ ಬೆರಳಲ್ಲಿ ಕಣ್ಣಿದೆ' ಅಂದ್ರು. ನನಗೇ ಹೇಳಿದ್ರು, ನನ್ನ ಭುಜ ತಟ್ಟಿ! ಪೇಪರಿನವರು ಬಂದಾಗ ದೀಪ ಹಿಡ್ಕೊಂಡು ನಿಂತಿದ್ದು ನಾನು. ಫೋಟೋದಲ್ಲಿ ನನ್ನ ಮೊಣಕೈ ಬಂದಿತ್ತು. ಅಮ್ಮ ಅದನ್ನ ಕತ್ತರಿಸಿ ಬೀರುವಿಗೆ ಅಂಟಿಸಿದ್ದಾಳೆ... ಮೊಣಕೈ ಬಿಟ್ಟು.

ಯಾಕೆ ನಗ್ತೀಯ? ಹೊಟ್ಟೆಕಿಚ್ಚು ಅಂತಾನಾ? ಹಾಗೇ ಅಂದ್ಕೋ, ಹೋಗು. ಆದ್ರೆ ಕೆಲಸ ಕೆಡಿಸೋಳಲ್ಲ ನಾನು! ನನಗೇನು ಸಂಕಟ ಆಗಲ್ವಾ? ಎಂಥಾ ಮುಖ ಹೋಯ್ತು! ಆ ಹುಬ್ಬು, ಗಲ್ಲದ ಮೇಲಿನ ಮಚ್ಚೆ, ಇನ್ನೇನು ಬೈದುಬಿಡ್ತಾಳೇನೋ ಅನ್ನೋ ಹಾಗೆ ಆ ತುಟಿ...

ಏನು? ಯಾಕೆ ಎದ್ದು ನಿಂತೆ?

...ಹೌದು. ನಿನ್ನೆ ನೀನು ಕೊರಳಿಗೇ ನಿಲ್ಲಿಸಿದ್ದೆ. ಮುಖ ಇನ್ನೂ ಯಾರೂ ನೋಡಿರಲಿಲ್ಲ.

ಬೈಯಿ ಬೇಕಾದ್ರೆ... ಬೆಳಿಗ್ಗೆ ನೀವೆಲ್ಲ ತಿಂಡಿಗೆ ಹೋದಾಗ ಹತ್ತಿದೆ. ಕೆಡಿಸೋಕಲ್ಲ, ನಿನ್ನಾಣೆಗೂ ಅಲ್ಲ! ಒಂದೇ ಒಂದು ಸಲ ನಾನು ಮೊದಲು ನೋಡ್ಬೇಕು ಅನ್ನಿಸ್ತು. ಅವಸರ ಮಾಡಿದೆ. ಹನ್ನೊಂದು ವರ್ಷದಲ್ಲಿ ಮಾಡದ ಅವಸರ. ಮಸಿ ಬಿಟ್ಕೊಂಡಿತು, ಮುಖ ಕಂಡಿತು. ಕಣ್ತುಂಬ ನೋಡ್ತಾ ಇರೋವಾಗ್ಲೇ ಗಾರೆ ಹೊಟ್ಟೆ ಉಬ್ಬಿ, ನನ್ನ ಮಡಿಲಿಗೇ ಸುರಿದುಹೋಯ್ತು.

ಚಾಕು ಯಾಕೆ ಕೆಳಗಿಡ್ತೀಯ? ...ಸರಿ. ಪೂರ್ತಿ ಕೇಳ್ಬಿಡು. ಪುಡಿ ಎಲ್ಲ ಮಡಿಲಲ್ಲಿ ಇಟ್ಕೊಂಡು ಅಳ್ತಾ ಕೂತಿದ್ದೆ. ಅಳ್ತಾ ಅಳ್ತಾನೇ ಏನನ್ನಿಸ್ತು ಗೊತ್ತಾ? ಇವಳನ್ನ ನೋಡಿದ್ದು ನಾನೊಬ್ಬಳೇ. ಇನ್ನು ನಿನಗೂ ಸಿಗಲ್ಲ ಅಂತ...

ಅಯ್ಯೋ, ಖುಷಿ ಆಯ್ತು ಕಣೇ ನನಗೆ.