ಅಧ್ಯಕ್ಷರೇ, ಮಕ್ಕಳಿಗೆ ಹಸಿವಾಗಿದೆ

...ಅಲ್ಲಮ್ಮ ಜೋಯಾ, ಅಮೆರಿಕದ ಅಧ್ಯಕ್ಷರ ವಿಷಯ ನನ್ನನ್ನ ಕೇಳಿದ್ರೆ ನಾನೇನು ಹೇಳ್ಲಿ, ಅವರೇನು ನನ್ನ ವಾಟ್ಸಾಪ್ ಗ್ರೂಪಲ್ಲಿದಾರಾ. ನಿಮ್ಮ ಸ್ಕೂಲಲ್ಲಿ ಡಿಬೇಟಿಗೆ ಕೊಟ್ಟಿದಾರೆ, ಅಧ್ಯಕ್ಷರಾದೋರು ಎಲ್ಲಿವರೆಗೆ ಹೋಗ್ಬಹುದು, ಕೋರ್ಟು ಎಲ್ಲಿ ತಡೀಬಹುದು, ಜನ ಎಷ್ಟು ಬಾಯಿ ಬಿಡ್ಬಹುದು ಅಂತ. ಸರಿ, ಬರಿ, ಬೇಡ ಅನ್ನಲ್ಲ. ಆದ್ರೆ ಆ ಲ್ಯಾಪ್‌ಟಾಪ್ ಒಂದು ಗಳಿಗೆ ಮುಚ್ಚು. ನಾನೂ ಒಬ್ಬ ಅಧ್ಯಕ್ಷರ ಆಳ್ವಿಕೇಲಿ ಬದುಕಿದೋಳು, ಗೊತ್ತಾ. ಅಮೆರಿಕದಲ್ಲಲ್ಲ, ಇದೇ ಹಾಲೆಂಡಿನ ಕಾಪೆಲ್ಲೆಯಲ್ಲಿ. ಕೋರ್ಟಿಗೂ ಹೋಗಿದ್ದೆ. ನಗು ನಗು, ನೀನು ಆ ಕೇಸಲ್ಲಿ ಮುಖ್ಯ ಸಾಕ್ಷಿ, ನಿನಗೇ ನೆನಪಿಲ್ಲ ಅಷ್ಟೆ. ಆದಿಲ್, ನೀನೂ ಬಾರೋ, ಬಾಲ್ಕನಿ ಬಾಗಿಲು ಹಾಕ್ಕೊಂಡು ಬಾ, ಗಾಳಿ ಹೊಡೀತಿದೆ.

ಎಲ್ಲಿದ್ದೆ, ಹಾಂ. ನಿಮ್ಮ ನಾನಾ ತೀರ್ಕೊಂಡ ವರ್ಷ ಅದು. ತುಮಕೂರಿನ ಮನೆ ಬಾಡಿಗೆಗೆ ಕೊಟ್ಟು ನಿಮ್ಮ ಅಮ್ಮಿ ನನ್ನನ್ನ ಇಲ್ಲಿಗೆ ಕರ್ಕೊಂಡು ಬಂದ್ಲು. ಸೆಪ್ಟೆಂಬರು. ಅಲ್ಲ, ಆಗಸ್ಟ್ ಕೊನೆ ಇರ್ಬೇಕು, ನಿನಗಿನ್ನೂ ಸ್ಕೂಲ್ ರಜಾ ಇತ್ತು. ಬಂದ ಹೊಸದ್ರಲ್ಲಿ ಎಲ್ಲಾ ಚೆನ್ನಾಗೇ ಇತ್ತು, ಆಮೇಲೆ ಶುರುವಾಯ್ತು ನೋಡಿ ಚಳಿ. ಬೆಳಿಗ್ಗೆ ನಿಮ್ಮ ಅಬ್ಬಾ ಆಫೀಸಿಗೆ, ಅಮ್ಮಿ ರಾಟರ್‌ಡ್ಯಾಮಿಗೆ, ಜೋಯಾ ಸ್ಕೂಲಿಗೆ, ಆದಿಲ್ ಇನ್ನೂ ಹುಟ್ಟಿರ್ಲಿಲ್ಲ, ಮನೇಲಿ ನಾನು, ಹೀಟರು. ಸಾಯಂಕಾಲ ಅನ್ನೋದೇ ಇಲ್ಲ, ಮಧ್ಯಾಹ್ನದ ಹೊಟ್ಟೇಲೇ ಕತ್ತಲಾಗ್ತಿತ್ತು. ನಾನು ಜೀವಮಾನವೆಲ್ಲ ಕನ್ನಡ ಶಾಲೇಲಿ ಮೇಡಂ ಆಗಿ ಕೂಗಾಡಿದೋಳು, ಗಂಟಲು ಸುಮ್ನಿರೋ ಗಂಟಲಲ್ಲ. ಮನೇಲಿ ನಾವು ದಖನಿ ಆಡ್ತೀವಿ, ನಿಜ, ಆದ್ರೆ ಬಾಗಿಲು ದಾಟಿದ್ರೆ ನನಗೆ ಕನ್ನಡ ಬೇಕು, ಚಪ್ಪಲಿ ಬೇಕಾದ ಹಾಗೆ. ಇಲ್ಲಿ ಬಾಗಿಲು ದಾಟಿದ್ರೆ ಎದುರುಮನೆ ಹೆಂಗಸು ಏನೋ ಅಂತಿದ್ರು, ನಾನು ತಲೆ ಅಲ್ಲಾಡಿಸ್ತಿದ್ದೆ. ಒಂಟಿ ಅನ್ನಿಸ್ತಿತ್ತು ಮಕ್ಕಳಾ, ತುಂಬಾ. ಬಾತ್‌ರೂಮಲ್ಲಿ ನಲ್ಲಿ ಬಿಟ್ಕೊಂಡು ಅತ್ತಿದ್ದೂ ಉಂಟು.

ಆಗ ಸಿಕ್ಕಿದ್ದು ಕನ್ನಡ ಬಳಗ. ಅದಕ್ಕೊಬ್ಬ ಅಧ್ಯಕ್ಷರು. ಅವರಿಗೊಂದು ಹೆಸರಿತ್ತಪ್ಪಾ, ಆದ್ರೆ ಯಾರೂ ಕರೀತಿರ್ಲಿಲ್ಲ, ಎಲ್ರಿಗೂ ಅಧ್ಯಕ್ಷರೇ. ಕಟ್ಕೊಂಡ ಹೆಂಡ್ತಿ ಗಿರಿಜಮ್ಮನೂ ಫೋನಲ್ಲಿ, "ಅಧ್ಯಕ್ಷರು ಸ್ನಾನಕ್ಕೆ ಹೋಗಿದಾರೆ" ಅನ್ನೋರು. ಅವರ ಮನೆ ಆಮ್ಸ್ಟರ್‌ಡ್ಯಾಮಿನ ಬೈಟನ್‌ವೆಲ್ಡರ್ಟಲ್ಲಿ. ಕೆಟ್ಟ ಮನುಷ್ಯ ಅಂತ ತಿಳೀಬೇಡಿ ಮತ್ತೆ. ಹಾಲ್ ಹುಡುಕೋದು ಅವರೇ, ಕುರ್ಚಿ ಹಾಕೋದು ಅವರೇ, ಕೊನೇಗೆ ಕಸ ಗುಡಿಸೋದೂ ಅವರೇ. ನಾನು ಮೇಡಂ ಆಗಿದ್ದೆ ಅಂತ ಗೊತ್ತಾದ ತಕ್ಷಣ, "ಟೀಚರಮ್ಮಾ, ಶನಿವಾರ ಮಕ್ಕಳಿಗೆ ಕನ್ನಡ ಕಲಿಸಿ" ಅಂತ ಕ್ಲಾಸ್ ಶುರು ಮಾಡ್ಸಿದ್ದೂ ಅವರೇ. ಆ ಶನಿವಾರ ಇತ್ತಲ್ಲ, ಅದಕ್ಕೇ ನಾನು ಮಿಕ್ಕ ವಾರವೆಲ್ಲ ದೂಡ್ತಿದ್ದೆ. ಅವರದ್ದು ಒಂದೇ ಒಂದು ಕಾಯಿಲೆ, ಮೈಕು. ನಿಮಗೆ ಗೊತ್ತಿಲ್ಲ, ನಮ್ಮ ಕಡೆ ಫಂಕ್ಷನ್ ಅಂದ್ರೆ ಪ್ರಾರ್ಥನೆ, ಸ್ವಾಗತ, ಆಮೇಲೆ ಅದೂ ಇದೂ, ಕೊನೇಗೆ ಅಧ್ಯಕ್ಷರ ಭಾಷಣ, ವಂದನಾರ್ಪಣೆ, ಅದಾದ ಮೇಲೇ ಊಟ. ಅಧ್ಯಕ್ಷರು ಯಾವಾಗ ನಿಲ್ಲಿಸ್ತಾರೋ ಆವಾಗ ನಮಗೆ ಅನ್ನ. ಬೇರೆ ದೇಶದಲ್ಲಿ ಅಧ್ಯಕ್ಷರ ಕೈಲಿ ಸೈನ್ಯ ಇರುತ್ತೆ, ನಮ್ಮೋರ ಕೈಲಿ ಬಿಸಿಬೇಳೆಬಾತ್ ಇತ್ತು.

ಆ ನವೆಂಬರಲ್ಲಿ ರಾಜ್ಯೋತ್ಸವ. ಬಾಡಿಗೆಗೆ ಹಿಡಿದ ಹಾಲ್‌ನಲ್ಲಿ ಅಡುಗೆ ಮಾಡೋ ಹಾಗಿಲ್ಲ, ಮನೆಯಿಂದ ಮಾಡ್ಕೊಂಡು ಬಂದು ಇಟ್ಟಿದ್ವಿ. ಅಧ್ಯಕ್ಷರು ಶಾಲು ಹೊದ್ದು ನಿಂತ್ರು. ಕದಂಬರಿಂದ ಶುರು ಮಾಡಿದ್ರು. ಚಾಲುಕ್ಯರು ಬಂದ್ರು, ಹೋದ್ರು. ನಾನು ಪಾತ್ರೆ ಮುಚ್ಚಳ ಎತ್ತಿ ನೋಡಿದ್ರೆ ಬಾತ್ ಗಟ್ಟಿಯಾಗ್ತಾ ಇದೆ. ಹೊಯ್ಸಳರು ಬರೋ ಹೊತ್ತಿಗೆ ಮಕ್ಕಳೆಲ್ಲ ನೆಲದ ಮೇಲೆ ಮಲಗಿದ್ವು. ನೀನು ಜೋಯಾ, ಇಷ್ಟೇ ಇದ್ದೆ, ನನ್ನ ದುಪಟ್ಟಾ ಎಳ್ಕೊಂಡು ಒಂದೇ ಸಮ, "ನಾನೀ, ಇಕ್ ಹೆಬ್ ಹೊಂಗರ್, ನಾನೀ, ಹೊಂಗರ್." ಹೊಂಗರ್ ಅಂದ್ರೆ ಹಸಿವು ಅಂತ, ನಾನು ಕಲಿತ ಮೊದಲನೇ ಡಚ್ ಮಾತು ಅದೇ. ನನಗೆ ತಡೀಲಿಕ್ಕಾಗ್ಲಿಲ್ಲ. ಎದ್ದು ನಿಂತೆ. ಕ್ಲಾಸ್‌ರೂಮಿನ ಗಂಟಲು, ಮೈಕ್ ಬೇಕಾಗಿರ್ಲಿಲ್ಲ. "ಅಧ್ಯಕ್ಷರೇ, ಮಕ್ಕಳಿಗೆ ಹಸಿವಾಗಿದೆ. ವಿಜಯನಗರ ಊಟ ಆದ್ಮೇಲೆ ಕಟ್ಟೋಣ."

ಅಯ್ಯೋ, ಆ ನಗು. ಇಡೀ ಸಭೆ ನಕ್ತು. ಕೆಲವರು ತಟ್ಟೆ ಹಿಡ್ಕೊಂಡು ಎದ್ದೇಬಿಟ್ರು. ಅಧ್ಯಕ್ಷರ ಮುಖ ಒಂದು ಥರಾ ಆಯ್ತು, ಭಾಷಣ ನಿಂತೋಯ್ತು, ನಾವು ಗಟ್ಟಿ ಬಾತಿಗೆ ಬಿಸಿನೀರು ಹಾಕ್ಕೊಂಡು ಉಂಡ್ವಿ, ನಾನು ಅಷ್ಟಕ್ಕೇ ಮರ್ತೆ. ಮಾರನೇ ದಿನ ಫೋನ್ ನೋಡಿದ್ರೆ ಬಳಗದ ವಾಟ್ಸಾಪ್ ಗ್ರೂಪೇ ಇಲ್ಲ. ಇಲ್ಲ ಅಂದ್ರೆ ಗ್ರೂಪ್ ಇದೆ, ನಾನಿಲ್ಲ, ನನ್ನನ್ನ ತೆಗೆದಿದಾರೆ. ಆಮೇಲೆ ಅಧ್ಯಕ್ಷರದ್ದೇ ಫೋನ್ ಬಂತು. "ಟೀಚರಮ್ಮಾ, ಬಳಗದ ಗೌರವದ ಪ್ರಶ್ನೆ. ಮುಂದಿನ ರಾಜ್ಯೋತ್ಸವದವರೆಗೂ ನೀವು ಸಭೇಲಿ ಮಾತಾಡೋ ಹಾಗಿಲ್ಲ. ಶನಿವಾರದ ಕ್ಲಾಸೂ ಸದ್ಯಕ್ಕೆ ಬೇಡ." ಕ್ಲಾಸೂ ಬೇಡ ಅಂದ್ರಲ್ಲ, ಅಲ್ಲಿ ನನ್ನ ಎದೆ ಒಡೀತು. ಮಾತಿಗೆ ಮಾತು ಅನ್ನಬಹುದಿತ್ತು, ಬೈಬಹುದಿತ್ತು. ನನಗಿದ್ದ ಒಂದೇ ಶನಿವಾರ ಕಿತ್ಕೊಂಡ್ರು.

ಆ ಡಿಸೆಂಬರು ಜನವರಿ ಹೇಗೆ ಕಳೀತು ಅಂತ ಕೇಳ್ಬೇಡಿ. ಮುಂಚೆ ಆ ಗ್ರೂಪಲ್ಲಿ ಬೆಳಿಗ್ಗೆ ಎದ್ರೆ ಶುಭೋದಯ, ಗುಲಾಬಿ ಹೂವು, ಯಾರದೋ ಮನೆ ದೋಸೆ ಫೋಟೋ, ನಾನೇ ಬೇಜಾರು ಮಾಡ್ಕೋತಿದ್ದೆ, ಏನಪ್ಪಾ ಇವರದ್ದು ದಿನಾ ಹೂವು ಅಂತ. ಈಗ ಆ ಹೂವೂ ಇಲ್ಲ. ಫೋನ್ ಚಾರ್ಜಿಗೆ ಹಾಕೋದೇ ಮರೀತಿದ್ದೆ. ನಿಮ್ಮ ಅಮ್ಮಿ ಏನಂದ್ಲು, "ಜಾನ್ ದೇವ್ ಅಮ್ಮೀ", ಹೋಗ್ಲಿ ಬಿಡು ಅಂತ. ನಿಮ್ಮ ಅಬ್ಬಾ ಇನ್ನೂ ಸಾಧು, "ಇದೇ ಜನದ ಮಧ್ಯೆ ಇರ್ಬೇಕಾದೋರು ನಾವು, ಜಗಳ ಯಾಕೆ" ಅಂದ. ನಾನು ಯೋಚ್ನೆ ಮಾಡಿದೆ, ನಾನು ಹೇಳಿದ್ದೇನು, ಮಕ್ಕಳಿಗೆ ಹಸಿವಾಗಿದೆ ಅಂತ. ಅಷ್ಟು ಹೇಳಿದ್ದಕ್ಕೆ ಬಾಯಿ ಹೊಲಿಯೋದಾದ್ರೆ, ನಾಳೆ ಇನ್ಯಾರೋ ಕಟ್ಟಡಕ್ಕೆ ಬೆಂಕಿ ಬಿದ್ದಿದೆ ಅನ್ನೋಕೂ ಪರ್ಮಿಷನ್ ಕೇಳ್ತಾರೆ. ಸಿಟ್ಟು ಬಂತು. ಸಿಟ್ಟು ಬಂದಿದ್ದೇ ಒಳ್ಳೇದಾಯ್ತು, ಅಷ್ಟು ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ಈಗ ಕೋರ್ಟು. ಬಳಗ ಕಟ್ಟಿದಾಗ ಅಧ್ಯಕ್ಷರೇ ಒಂದು ನಿಯಮ ಮಾಡಿದ್ರು, ಸದಸ್ಯರಲ್ಲಿ ಜಗಳ ಬಂದ್ರೆ ಮೂರು ಜನ ಕೂತು ತೀರ್ಮಾನ ಕೊಡ್ಬೇಕು, ಅವರ ಮಾತೇ ಕೊನೆ ಅಂತ. ಆ ನಿಯಮದ ಬಗ್ಗೆ ಭಾಷಣದಲ್ಲೂ ಹೇಳ್ಕೋತಿದ್ರು, ನಮ್ಮದು ಪ್ರಜಾಪ್ರಭುತ್ವ ಅಂತ. ಯಾರನ್ನ ನೇಮಿಸಿದ್ರು ಕೇಳಿ. ಒಬ್ರು ಮಂಗಳೂರಿನ ಡಾಕ್ಟ್ರು, ಮಾತು ಕಮ್ಮಿ. ಒಬ್ಬ ಧಾರವಾಡದ ಹುಡುಗ, ಮಂಜುನಾಥ ಅಂತ, ಗ್ರೋನಿಂಗನ್ನಲ್ಲಿ ಪಿಎಚ್‌ಡಿ ಮಾಡ್ತಿದ್ದ. ಮೂರನೇ ಜಾಗಕ್ಕೆ ಯಾರೂ ಒಪ್ಪದೆ ಗಿರಿಜಮ್ಮ. ಸ್ವಂತ ಹೆಂಡ್ತಿ. ಎಂದೂ ಜಗಳ ಬರಲ್ಲ, ಬಂದ್ರೂ ಮನೆಯೋರೇ ಇದಾರಲ್ಲ ಅಂತ ಅವರ ಲೆಕ್ಕ. ನಾನು ನೇರ ಗಿರಿಜಮ್ಮನಿಗೆ ಫೋನ್ ಮಾಡಿದೆ. "ನಿಮ್ಮ ಯಜಮಾನರ ಮೇಲೆ ದೂರು ಕೊಡ್ಬೇಕು." ಆ ಕಡೆ ಸ್ಟೋವ್ ಆರಿಸಿದ್ದು ಕೇಳಿಸ್ತು. ಆಮೇಲೆ, "ಭಾನುವಾರ ಬನ್ನಿ, ಟೀಚರೇ. ತಿಂಡಿ ಇಲ್ಲೇ."

ಹೋದ್ವಿ, ನಾನು, ನಿಮ್ಮ ಅಮ್ಮಿ. ಅವರ ಮನೆ ಡೈನಿಂಗ್ ಟೇಬಲ್ಲೇ ಕೋರ್ಟು. ಉಪ್ಪಿಟ್ಟು ತಿಂದಾದ್ಮೇಲೆ ಗಿರಿಜಮ್ಮ ತಟ್ಟೆ ಎತ್ತಿ, ಟೇಬಲ್ ಒರೆಸಿ, ಕನ್ನಡಕ ಹಾಕ್ಕೊಂಡ್ರು. ಅಧ್ಯಕ್ಷರು ಅವರ ಮಾಮೂಲಿ ಕುರ್ಚಿಯಲ್ಲಿ ಕೂರೋಕೆ ಹೋದ್ರೆ, "ಅದು ಡಾಕ್ಟ್ರಿಗೆ. ನೀವು ಟೀಚರ್ ಪಕ್ಕ ಕೂತ್ಕೊಳಿ" ಅಂದ್ರು. ನಾವಿಬ್ರೂ ಪರೀಕ್ಷೇಲಿ ಕಾಪಿ ಹೊಡೆದು ಸಿಕ್ಕಿಬಿದ್ದೋರ ಹಾಗೆ ಪಕ್ಕಪಕ್ಕ. ಮಂಜುನಾಥ ಶುರು ಮಾಡ್ದ. "ಅಧ್ಯಕ್ಷರ, ಮಕ್ಕಳಿಗೆ ಹಸಿವಾಗೇದ ಅಂದಿದ್ದು ಖರೇನೋ ಸುಳ್ಳೋ?"

"ನಿಜವೇ. ಆದ್ರೆ ನನ್ನನ್ನ ಕೇಳಿ ಹೇಳ್ಬೇಕಿತ್ತು."

"ಕೇಳಿದ್ರೆ ಬಿಡ್ತಿದ್ರಾ?" ಗಿರಿಜಮ್ಮ.

"ಖಂಡಿತ."

"ಯಾವಾಗ?"

"ಭಾಷಣ ಮುಗಿದ್ಮೇಲೆ."

ಮಾತು ಕಮ್ಮಿ ಅಂದ್ನಲ್ಲ, ಆ ಡಾಕ್ಟ್ರು ಕಾಫಿ ನೆತ್ತಿಗೇರಿಸ್ಕೊಂಡು ಕೆಮ್ಮಿದ್ದು ಕೆಮ್ಮಿದ್ದೇ. ಅಧ್ಯಕ್ಷರಿಗೆ ರೇಗಿತು. "ಗಿರಿಜಾ, ನಿನ್ನನ್ನ ಈ ಸಮಿತಿಗೆ ಹಾಕಿದ್ದು ನಾನು, ನೆನಪಿರ್ಲಿ." ಗಿರಿಜಮ್ಮ ಕನ್ನಡಕದ ಮೇಲಿಂದ ನೋಡಿದ್ರು. ಈಗಲೂ ಆ ಧ್ವನಿ ನನ್ನ ಕಿವೀಲಿದೆ, ಒಂದಿಷ್ಟೂ ಏರಿಸ್ಲಿಲ್ಲ. "ನೆನಪಿದೆ. ನೀವು ಹಾಕಿದ್ದೀರಿ ಅಂತಲೇ ಸರಿಯಾಗಿ ಮಾಡ್ಬೇಕು ಅಂತಿದೀನಿ. ಇಲ್ದಿದ್ರೆ ಹೆಂಡ್ತೀನ ಸುಮ್ನೆ ಕೂರಿಸಿದಾನೆ ಅಂತ ನಿಮ್ಮನ್ನೇ ಆಡ್ಕೋತಾರೆ."

ತೀರ್ಪು ಆವತ್ತೇ ಬಂತು. ಸಭೆ ನಡೆಸೋದು, ಯಾರ ಸರದಿ ಯಾವಾಗ ಅಂತ ಹೇಳೋದು ಅಧ್ಯಕ್ಷರ ಕೆಲಸ, ಅದಕ್ಕೆ ಯಾರೂ ಅಡ್ಡ ಬರೋ ಹಾಗಿಲ್ಲ. ಆದ್ರೆ ಆಡಿದ ಮಾತು ತಮಗೆ ಹಿಡಿಸ್ಲಿಲ್ಲ ಅಂತ ಒಬ್ಬರ ಬಾಯಿ ಮುಚ್ಚಿಸೋ ಅಧಿಕಾರ ಅವರಿಗಿಲ್ಲ, ಗ್ರೂಪಿಂದ ತೆಗೀಬೇಕಾದ್ರೆ ಎಲ್ರೂ ಸೇರಿ ತೀರ್ಮಾನಿಸ್ಬೇಕು, ಕ್ಲಾಸ್ ಮಕ್ಕಳದ್ದು, ಅದನ್ನ ಶಿಕ್ಷೆಗೆ ಬಳಸೋ ಹಾಗೇ ಇಲ್ಲ. ನನಗೂ ಒಂದು ಬಿತ್ತು, "ಟೀಚರೇ, ವಿಜಯನಗರದ ಮಾತು ಬೇಕಿರ್ಲಿಲ್ಲ." ಬೇಕಿರ್ಲಿಲ್ಲ, ನಿಜ. ಆದ್ರೆ ಎಷ್ಟು ಚೆನ್ನಾಗಿತ್ತು ಅಲ್ವಾ. ಕೊನೇಗೆ ಮಂಜುನಾಥ ಇನ್ನೊಂದು ಸೇರಿಸ್ದ. "ಇಲ್ಲಿ ಯುನಿವರ್ಸಿಟಿಯೊಳಗ ಎಂಥಾ ಸಣ್ಣ ಮೀಟಿಂಗ್ ಇರ್ಲಿ, ಕಡೀಕ ಒಬ್ಬೊಬ್ಬರನ್ನೂ ಕೇಳ್ತಾರ್ರೀ, ನಿಮಗೇನರ ಹೇಳೂದದ ಏನಂತ. ರೊಂಡ್‌ಫ್ರಾಹ್ ಅಂತಾರ. ನಾವೂ ಇಟ್ಕೊಳ್ಳೂಣು." ಅದೂ ಸೇರ್ತು.

ಗೆದ್ದೆ ಅಂತ ಕುಣಿದ್ಲಾ ನಾನಿ? ಇಲ್ಲ. ಕೇಳು ಜೋಯಾ, ಇದನ್ನ ಬೇಕಾದ್ರೆ ನಿನ್ನ ಡಿಬೇಟಲ್ಲಿ ಹಾಕ್ಕೋ. ತೀರ್ಪು ಕೊಟ್ಟೋರು ಯಾರು, ಉಪ್ಪಿಟ್ಟು ಹಾಕಿದ ಗಿರಿಜಮ್ಮ, ರೈಲು ಹಿಡಿದು ವಾಪಸ್ ಹೋಗೋ ಹುಡುಗ, ಕೆಮ್ಮೋ ಡಾಕ್ಟ್ರು. ಅವರ ಹತ್ರ ಪೊಲೀಸಾ ಇದಾರೆ? ಗ್ರೂಪಿನ ಅಡ್ಮಿನ್ ಅಧ್ಯಕ್ಷರೇ, ಹಾಲಿನ ಬೀಗದ ಕೈ ಅಧ್ಯಕ್ಷರ ಜೇಬಲ್ಲೇ. ಅವರು ಹೋಗ್ರಿ ಅಂದಿದ್ರೆ ನಾನೇನು ಮಾಡ್ಬೇಕಿತ್ತು. ಅವರು ಆವತ್ತು ತೀರ್ಪು ಕೇಳಿ ಎದ್ದು ಒಳಗೆ ಹೋಗಿದ್ರು. ಸೋಮವಾರ ಫೋನ್ ನೋಡಿದೆ, ಏನಿಲ್ಲ. ಮಂಗಳವಾರ ಏನಿಲ್ಲ. ಬುಧವಾರ ನಾನೇ ನನಗೆ ಹೇಳ್ಕೊಂಡೆ, ಆಯ್ತು ಮುಮ್ತಾಜ್, ಇನ್ನು ಹೀಟರ್ ಜೊತೆ ಮಾತಾಡು ಅಂತ.

ಗುರುವಾರ ಅಡುಗೆ ಮಾಡ್ತಿದ್ದೆ, ಅಲ್ಲ, ಬಟ್ಟೆ ಮಡಿಸ್ತಿದ್ದೆ, ಫೋನ್ ಬಂತು. ಅಧ್ಯಕ್ಷರು. ಕ್ಷಮಿಸಿ ಅಂದ್ರಾ? ಇಲ್ಲಪ್ಪ. ಒಂದು ಸಲ ಗಂಟಲು ಸರಿ ಮಾಡ್ಕೊಂಡು, "ಟೀಚರಮ್ಮಾ, ಶನಿವಾರ ಕ್ಲಾಸಿಗೆ ಎಷ್ಟು ಕುರ್ಚಿ ಹಾಕ್ಲಿ?" ಅಂದ್ರು. ಇಷ್ಟು ಮಾತಾಡೋಳು ನಾನು, ಮಾತಾಡೋ ಹಕ್ಕು ವಾಪಸ್ ಸಿಕ್ಕಿದ ಹೊತ್ತಲ್ಲಿ ಮಾತೇ ಇಲ್ಲ. ಮಡಿಸಿಟ್ಟ ಬಟ್ಟೆ ಮೇಲೆ ಮುಖ ಇಟ್ಕೊಂಡು ಅತ್ತೆ. ಅವತ್ತಿಂದ ನನಗೆ ಆ ಮನುಷ್ಯನ ಮೇಲೆ ದೊಡ್ಡ ಗೌರವ. ಸೋತ ಮೇಲೂ ಕುರ್ಚಿ ಹಾಕೋಕೆ ಬಂದ್ರಲ್ಲ, ಅದು ಎಲ್ರ ಕೈಲಾಗಲ್ಲ.

ಕೊನೇದು ಕೇಳಿ, ಇದು ನನ್ನ ಮಾನ ಹೋದ ಕಥೆ. ಆ ಸಲದ ಯುಗಾದಿಗೆ ಅಧ್ಯಕ್ಷರ ಭಾಷಣ ಎಷ್ಟು ಚಿಕ್ಕದು ಅಂದ್ರೆ ಕದಂಬರೂ ಬರ್ಲಿಲ್ಲ. ಆಮೇಲೆ ಅವರೇ ಮೈಕ್ ತಂದು ನನ್ನ ಕೈಗೆ ಕೊಟ್ರು. "ರೊಂಡ್‌ಫ್ರಾಹ್. ಮೊದಲು ಟೀಚರಮ್ಮ." ಅಷ್ಟು ತಿಂಗಳು ಕಟ್ಟಿಟ್ಟ ಮಾತು ಮಕ್ಕಳಾ, ಬಂತು ನೋಡಿ. ತುಮಕೂರಿಂದ ಶುರು ಮಾಡಿದೆ. ನನ್ನ ಮೊದಲನೇ ಶಾಲೆ, ಹೆಡ್ ಮೇಷ್ಟ್ರು, ನಿಮ್ಮ ನಾನಾನ ಸೈಕಲ್ಲು, ಆ ಸೈಕಲ್ ಪಂಕ್ಚರ್ ಆಗಿದ್ದು. ಜನ ನಗ್ತಿದಾರೆ, ನನಗೆ ಇನ್ನೂ ಹುಮ್ಮಸ್ಸು. ಮೈಕು ಎಷ್ಟು ಹಗುರ ಇರುತ್ತೆ ಗೊತ್ತಾ, ಕೆಳಗಿಡೋಕೇ ಮನಸ್ಸು ಬರಲ್ಲ. ಆಗ ಕೆಳಗಿಂದ ಯಾರೋ ದುಪಟ್ಟಾ ಎಳೆದ್ರು. ನೋಡ್ತೀನಿ, ನೀನು. "ನಾನೀ, ಹೊಂಗರ್." ಮೈಕಲ್ಲಿ ಹಾಲಿಗೆಲ್ಲ ಕೇಳಿಸ್ತು. ಎಲ್ರಿಗಿಂತ ಜೋರಾಗಿ ನಕ್ಕಿದ್ದು ಅಧ್ಯಕ್ಷರು, ಮುಂದಿನ ಸಾಲಲ್ಲಿ ಕೂತು, ಕಣ್ಣೊರೆಸ್ಕೊಂಡು.

ಅದಕ್ಕೇ ಹೇಳ್ತೀನಿ, ಅಮೆರಿಕ ಆಗ್ಲಿ ಕಾಪೆಲ್ಲೆ ಆಗ್ಲಿ, ಮೈಕು ಯಾರ ಕೈಗೆ ಕೊಟ್ರೂ ಪಕ್ಕದಲ್ಲಿ ದುಪಟ್ಟಾ ಎಳೆಯೋ ಮಗು ಒಂದಿರ್ಬೇಕು, ಆ ಮಗೂನ ಯಾರೂ ಗದರಿಸ್ಬಾರ್ದು, ಯಾಕೆ ಅಂದ್ರೆ... ಏನೋ ಆದಿಲ್, ಏನದು ತೋಳು ಎಳೀತಿದೀಯ? ಹೊಂಗರಾ? ಸರಿ ಬಿಡಪ್ಪ, ಮುಗೀತು ನನ್ನ ಮಾತು. ಏಳಿ, ತಟ್ಟೆ ಹಾಕಿ, ಸಾರು ಆರ್ತಿದೆ.